ಇನ್ನೊಮ್ಮಿ ಅನ್ನು

ಗುರುವಾರ, ಒಂಬತ್ತನೇ ಕ್ಲಾಸು, ಮೂರನೇ ಪಿರಿಯಡ್ಡು.
ಹಲಗೆಯ ಮೇಲೆ ಬರೆದೆ:
ಯು ಕ್ಯಾನ್ ಸೇ ದ್ಯಾಟ್ ಅಗೇನ್.
ಪರೀಕ್ಷೆಗೆ ಎರಡು ಮಾರ್ಕಿನ ಮಾತು.

'ಇನ್ನೊಮ್ಮಿ ಹೇಳು ಅಂತಲ್ಲ ಇದು,' ಅಂದೆ,
'ನೀ ಅಂದದ್ದು ಖರೇ, ನೂರಕ್ಕ ನೂರು ಖರೇ ಅಂತ.
ಯಾರರ ಬಿಸಲು ಭಾಳ ಐತಿ ಅಂದ್ರ
ನೀವು ಈ ಮಾತು ಅನ್ನಬೇಕು.
ಅವರು ಮತ್ತ ಹೇಳಂಗಿಲ್ಲ.'

ಮೌನೇಶ ಎದ್ದು ನಿಂತ.
'ಟೀಚರ್, ಬಿಸಲು ಭಾಳ ಐತ್ರಿ.'
ಯು ಕ್ಯಾನ್ ಸೇ ದ್ಯಾಟ್ ಅಗೇನ್, ಅಂದೆ.
'ಟೀಚರ್, ಬಿಸಲು ಭಾಳ ಐತ್ರಿ.'
ಕ್ಲಾಸೆಲ್ಲ ನಕ್ಕಿತು, ಅವನು ನಗಲಿಲ್ಲ.
ಬೇಕಂತಲೇ ಅಂದನೋ, ತಿಳಿಯದೆ ಅಂದನೋ,
ಹೆಸರಿಗೆ ತಕ್ಕ ಮುಖ ಮಾಡಿಕೊಂಡು ಕೂತ.

ನಮ್ಮ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ.
ಮೂವತ್ತೊಂದು ವರ್ಷ ಹಟ್ಟಿಯ ನೆಲದೊಳಗೆ
ಡ್ರಿಲ್ಲು ಹಿಡಿದ ಅಪ್ಪನ ಕಿವಿಯಲ್ಲಿ
ಈಗಲೂ ಯಾರೋ ಬಂಡೆ ಕೊರೆಯುತ್ತಿದ್ದಾರೆ.
ಚಾ ಆರತೈತಿ ಅಂದರೆ, ಇನ್ನೊಮ್ಮಿ ಅನ್ನು.
ಗ್ಯಾಸಿನವ ಬಂದಾನ ಅಂದರೆ, ಇನ್ನೊಮ್ಮಿ ಅನ್ನು.
ಅವ್ವ ಎರಡನೇ ಸಲ ಅನ್ನುವಷ್ಟರಲ್ಲಿ
ಮಾತು ಅರ್ಧ ಸವೆದಿರುತ್ತದೆ:
ಸಾಲ್ಯಾಗ ಮೀಟಿಂಗ್ ಐತಂತ, ಮಗಳು ತಡಾ ಮಾಡಿ ಬರ್ತಾಳಂತ
ಅನ್ನುವುದು ಬರೀ 'ತಡಾ' ಆಗುತ್ತದೆ.
ಮೂರನೇ ಸಲಕ್ಕೆ ಬರೀ ಕೈ.
ಆಸ್ಪತ್ರೆಯವರು ಕೊಟ್ಟ ಕಿವಿಯ ಮಿಷಿನ್ನು
ಅಲಮಾರಿಯೊಳಗೆ, ತನ್ನ ಡಬ್ಬಿಯಲ್ಲಿ,
ತನಗೆ ತಾನೇ ಕುಂಯ್ ಅನ್ನುತ್ತಿರುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಮೌನೇಶನ ಕತೆ ಹೇಳಿದೆ,
ಎದುರಿಗೇ ಕೂತು, ತುಟಿ ಕಾಣುವ ಹಾಗೆ.
ಅಪ್ಪ ರೊಟ್ಟಿ ಮುರಿಯುವುದು ನಿಲ್ಲಿಸಿದ.
'ಆ ಹುಡುಗ ತಪ್ಪೇನು ಮಾಡ್ಯಾನ?
ಕೇಜಿನ್ಯಾಗ ಜನಾ ಏರಿದ್ರ ಗಂಟಿ ಮೂರು.
ನಾವು ಕೆಳಗ ಮೂರು ಹೊಡದ್ರ
ಮ್ಯಾಗಿನವ ತಿರುಗಿ ಮೂರು ಹೊಡೀಬೇಕು.
ಹೊಡಿಯೂತನಕ ಕೇಜು ಅಲಗಂಗಿಲ್ಲ.
ಕೇಳಿಲ್ಲ ಅಂತ ಹೊಡಿಯೂದಲ್ಲ ಅವ.
ಕೇಳೀನಿ ಅಂತ.'

ಆಮೇಲೆ ತಟ್ಟೆಯ ಅಂಚಿಗೆ ಬೆರಳಿಂದ
ಎರಡು ಸಲ ಬಡಿದ.
'ಒಮ್ಮಿ ಎರಡ ಬಂತು ತಿರುಗಿ.
ಹನ್ನೊಂದು ಮಂದಿ ಇದ್ವಿ. ಅಮರಯ್ಯ ಇದ್ದ, ಖಾಸೀಂಸಾಬ ಇದ್ದ.
ಯಾರೂ ಉಸರ ಬಿಡಲಿಲ್ಲ.
ನಾನ ಮತ್ತ ಹೊಡದೆ. ಮೂರು.'

ಆಮ್ಯಾಲೆ?

'ಆಮ್ಯಾಲೇನು. ಮೂರು ಬಂತು. ಮನೀಗಿ ಬಂದೆ.
ನಿಮ್ಮವ್ವ ಪುಂಡಿಪಲ್ಲೆ ಮಾಡಿದ್ಲು.'

ಹುಡುಗರಿಗೆ ನೋಟ್ಸು ಬರೆಸಿದ್ದೆ:
ಮಾತಿಗೆ ಒತ್ತು ಕೊಡಲು ಬಳಸುವ ನುಡಿಗಟ್ಟು.
ಒತ್ತು ಅಂದರೆ ದನಿ ಏರಿಸುವುದು
ಅಂದುಕೊಂಡಿದ್ದೆ ನಾನು, ಹನ್ನೆರಡು ವರ್ಷದಿಂದ
ದನಿ ಏರಿಸಿಯೇ ಕಲಿಸುತ್ತಿರುವವಳು.
ಕನ್ನಡದ ಒತ್ತು ಅಕ್ಷರದ ಕೆಳಗೆ ಇಳಿದು ಕೂರುತ್ತದೆ.
ಹಟ್ಟಿ ಅಂತ ಬರೆದರೂ,
ಅಪ್ಪ ಅಂತ ಬರೆದರೂ.
ಇದು ಪರೀಕ್ಷೆಗೆ ಬರುವುದಿಲ್ಲ.
ಮೌನೇಶನ ಎರಡು ಮಾರ್ಕಿಗೆ ಏನು ಮಾಡಲಿ ಅಂತ
ಕೈ ಒಣಗಿಸಿಕೊಂಡು ಕೂತೇ ಇದ್ದೆ.

ಅವ್ವ ಒಲೆಯ ಕಡೆ ಮುಖ ಮಾಡಿದ್ದಳು.
ಬೆನ್ನು ತಿರುಗಿಸದೆ, ಸಣ್ಣ ದನಿಯಲ್ಲಿ ಅಂದಳು:
'ಎರಡ ಬಂದದ್ದು ನನಗ್ಯಾಕ ಹೇಳಿಲ್ಲ ಇಷ್ಟು ವರ್ಸ?'

ಅಪ್ಪ ಅವಳ ಬೆನ್ನನ್ನೇ ನೋಡುತ್ತಿದ್ದ.
'ಇನ್ನೊಮ್ಮಿ ಅನ್ನು,' ಅಂದ.

ಕೇಳಿಸಿತ್ತೋ, ಇಲ್ಲವೋ.
ಅವ್ವ ಈ ಕಡೆ ತಿರುಗಿದಳು.
ಸೌಟು ಕೈಯಲ್ಲೇ ಇತ್ತು.
ಈ ಸಲ ಒಂದಕ್ಷರವನ್ನೂ ಬಿಡಲಿಲ್ಲ.